ವಿನಯದ ಉಪದೇಶ ಯಾರಿಗೆ?

ಗರ್ವಕ್ಕೆ ನಮ್ಮ ನುಡಿಯಲ್ಲಿ ಹೆಸರುಗಳು ಹಲವು. ಆದರೆ ಅವನ್ನು ಹಂಚುವಾಗ ನಾವು ಪಂಕ್ತಿಭೇದ ಮಾಡುತ್ತೇವೆ. ಯಜಮಾನ ತಲೆಯೆತ್ತಿ ನಡೆದರೆ ಅದು ಗತ್ತು, ಠೀವಿ. ಮನೆಗೆಲಸದಾಕೆ ಬಾಕಿ ಸಂಬಳ ಕೇಳಿದರೆ ಅದು ಸೊಕ್ಕು. ಈ ಪಂಕ್ತಿಭೇದಕ್ಕೆ ಧರ್ಮಗ್ರಂಥಗಳ ಬೆಂಬಲವನ್ನೂ ಹುಡುಕುವವರಿದ್ದಾರೆ. ಗರ್ವದ ಹಿಂದೆಯೇ ವಿನಾಶ ಬರುತ್ತದೆಂಬ ಬೈಬಲ್ಲಿನ ಎಚ್ಚರಿಕೆ ಕ್ರೈಸ್ತರಲ್ಲದವರ ಬಾಯಲ್ಲೂ ಗಾದೆಯಂತೆ ಸಲ್ಲುತ್ತಿದೆ. ಅದನ್ನು ಹೇಳುವವರು ಹೆಚ್ಚಾಗಿ ಮೇಲಿನ ಮೆಟ್ಟಿಲಲ್ಲಿರುತ್ತಾರೆ; ಕೇಳಿಸಿಕೊಳ್ಳಬೇಕಾದವರು ಕೆಳಗಿನ ಮೆಟ್ಟಿಲಲ್ಲಿ. ಇದು ಆ ಗ್ರಂಥಕ್ಕೇ ಬಗೆಯುವ ಅನ್ಯಾಯವೆಂಬುದು ನಮ್ಮ ವಾದ.

ಮೊದಲು ಆ ಮಾತು ಇರುವ ಸ್ಥಳವನ್ನೇ ನೋಡೋಣ. ಅದು ಜ್ಞಾನೋಕ್ತಿಗಳ 16ನೆಯ ಅಧ್ಯಾಯದ 18ನೆಯ ವಚನ. ಅದನ್ನು ಉದ್ಧರಿಸುವವರು 19ನೆಯದನ್ನು ಓದುವ ಶ್ರಮ ವಹಿಸುವುದಿಲ್ಲ. ಅಲ್ಲಿ ಗರ್ವಿಗಳೆಂದರೆ ಕೊಳ್ಳೆಯ ಸೊತ್ತನ್ನು ಪಾಲು ಮಾಡಿಕೊಳ್ಳುವವರು. ಅವರಿಗೆ ಎದುರಾಗಿ ನಿಂತವರು ಬಡವರು. ಗರ್ವಕ್ಕೂ ಲೂಟಿಗೂ ಇರುವ ನಂಟನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ.

ಇನ್ನು ಕಥೆಗಳು. ಯೆಹೂದದ ಅರಸ ಉಜ್ಜೀಯ 16ನೆಯ ವಯಸ್ಸಿಗೆ ಪಟ್ಟವೇರಿ 52 ವರ್ಷ ಆಳಿದವನು. ಗೋಪುರಗಳನ್ನು ಕಟ್ಟಿಸಿದ, ಬಾವಿಗಳನ್ನು ತೋಡಿಸಿದ, ಬೇಸಾಯವನ್ನು ಪ್ರೀತಿಸಿದ. ಬಲಗೊಂಡ ಮೇಲೆಯೇ ಅವನಿಗೆ ಮದವೇರಿತು. ಯಾಜಕರಿಗೆ ಮೀಸಲಾಗಿದ್ದ ಧೂಪಾರತಿಯನ್ನು ತಾನೇ ಮಾಡಲು ದೇವಾಲಯಕ್ಕೆ ನುಗ್ಗಿದಾಗ ಅಜರ್ಯನೂ 80 ಮಂದಿ ಯಾಜಕರೂ ಅವನನ್ನು ತಡೆದರು. ಅರಸನಿಗೆ ಎದುರು ನಿಂತ ಆ ಯಾಜಕರನ್ನು ಗ್ರಂಥ ಧೈರ್ಯಶಾಲಿಗಳೆಂದು ಕರೆಯುತ್ತದೆ, ಅಹಂಕಾರಿಗಳೆಂದಲ್ಲ.

ಬಾಬಿಲೋನಿನ ನೆಬೂಕದ್ನೆಚ್ಚರನ ಕಥೆ ಇನ್ನೂ ಸ್ಪಷ್ಟ. ಕನಸಿನ ಅರ್ಥವನ್ನು ಹೇಳಿದ ದಾನಿಯೇಲನು ಅವನಿಗೆ ಕೊಟ್ಟ ಸಲಹೆ ಮೃದುವಾಗಿ ಮಾತಾಡೆಂಬುದಲ್ಲ. ನ್ಯಾಯದಿಂದ ನಡೆ, ಬಡವರಿಗೆ ಕರುಣೆ ತೋರು ಎಂಬುದು. 12 ತಿಂಗಳ ತರುವಾಯ ಅದೇ ದೊರೆ ಅರಮನೆಯ ಮಾಳಿಗೆಯ ಮೇಲೆ ಅಡ್ಡಾಡುತ್ತ, ಈ ಮಹಾನಗರವನ್ನು ಕಟ್ಟಿದವನು ತಾನೆಂದು ಬೀಗಿದ. ಇಟ್ಟಿಗೆ ಹೊತ್ತವರ ನೆನಪು ಆ ಮಾತಿನಲ್ಲಿರಲಿಲ್ಲ. ಎತ್ತಿನಂತೆ ಹುಲ್ಲು ಮೇಯುವ ಗತಿ ಅವನಿಗೆ ಬಂತು.

ಎಸ್ತೇರಳ ಪುಸ್ತಕದಲ್ಲಿ ಹಾಮಾನನೆಂಬ ಮಂತ್ರಿಗೆ ಎಲ್ಲರೂ ಅಡ್ಡಬೀಳಬೇಕೆಂಬ ರಾಜಾಜ್ಞೆಯಿತ್ತು. ಮೊರ್ದೆಕೈ ಒಬ್ಬ ಮಾತ್ರ ಬೀಳಲಿಲ್ಲ. ನಮ್ಮ ಉಪದೇಶಕರು ಅಲ್ಲಿದ್ದಿದ್ದರೆ ಗರ್ವಿಯೆಂದು ಯಾರತ್ತ ಬೆರಳು ತೋರುತ್ತಿದ್ದರು? ಕಥೆಯ ತೀರ್ಪಿನಲ್ಲಿ ಸಂಶಯವಿಲ್ಲ: ಒಬ್ಬನು ಬಾಗಲಿಲ್ಲವೆಂದು ಇಡೀ ಜನಾಂಗವನ್ನೇ ಅಳಿಸಹೊರಟ ಹಾಮಾನನು, ಮೊರ್ದೆಕೈಗೆಂದು ತಾನೇ ನಿಲ್ಲಿಸಿದ 50 ಮೊಳದ ಕಂಬಕ್ಕೆ ತಾನೇ ಏರಿದ.

ಬಡವರಲ್ಲಿ, ಸಜ್ಜನರಲ್ಲಿ ಗರ್ವವಿರುವುದಿಲ್ಲವೇ ಎಂದು ಕೇಳಬಹುದು. ಇರುತ್ತದೆ. ಲೂಕನ 18ನೆಯ ಅಧ್ಯಾಯದ ಫರಿಸಾಯನು ರಾಜನಲ್ಲ; ಉಪವಾಸ, ದಾನಗಳ ಲೆಕ್ಕವನ್ನು ದೇವರ ಮುಂದಿಟ್ಟು, ಸುಂಕದವನನ್ನು ಕೀಳಾಗಿ ಕಂಡವನು. ಅವನ ತಪ್ಪು ಪರರನ್ನು ತುಚ್ಛವಾಗಿ ಕಂಡದ್ದು, ನ್ಯಾಯ ಕೇಳಿದ್ದಲ್ಲ. ಏಕೆಂದರೆ ಅದೇ ಅಧ್ಯಾಯ ಆರಂಭವಾಗುವುದು, ಅನ್ಯಾಯಗಾರ ನ್ಯಾಯಾಧಿಪತಿಯ ಬಾಗಿಲನ್ನು ಬಿಡದೆ ಕಾಡಿದ ವಿಧವೆಯ ಕಥೆಯಿಂದ. ಆಕೆಯ ಹಟವನ್ನು ಯೇಸು ಮಾದರಿಯೆಂದು ಎತ್ತಿಹಿಡಿಯುತ್ತಾನೆ. ಯೋಬನ ಕಥೆಯೂ ಹೀಗೆಯೇ. ತಪ್ಪೊಪ್ಪಿಕೋ, ತಗ್ಗಿ ನಡೆ ಎಂದು ಪೀಡಿಸಿದ ಸ್ನೇಹಿತರ ಮೇಲೆಯೇ ಕೊನೆಗೆ ದೇವರ ಕೋಪ ಉರಿಯಿತು. ದೇವರನ್ನೇ ಪ್ರಶ್ನಿಸಿದ ಯೋಬನೇ ಸರಿಯಾಗಿ ನುಡಿದವನೆಂದು ತೀರ್ಪಾಯಿತು.

ಆದ್ದರಿಂದ ವಿನಯವನ್ನು ಬೋಧಿಸುವವರಿಗೆ ನಮ್ಮದೊಂದು ಕೋರಿಕೆ. ಆ ಬೋಧನೆಯನ್ನು ಮಾಳಿಗೆಯ ಮೇಲಿರುವವರಿಂದ ಆರಂಭಿಸಿರಿ. ಊರು ಬಿಟ್ಟು ಊರಿಗೆ ಬಂದು, ಮನೆ ಕಟ್ಟಿ, ಹೆಸರು ಗಳಿಸಿ, ಎಲ್ಲವನ್ನೂ ಸ್ವಂತ ದುಡಿಮೆಯಿಂದಲೇ ಪಡೆದೆವೆಂದುಕೊಳ್ಳುವ ನಮ್ಮಂಥ ಹೊರನಾಡಿಗರೂ ಆ ಸಾಲಿನಲ್ಲಿದ್ದೇವೆ. ಕೆಲಸದಾಕೆಗೆ ವಿನಯ ಕಲಿಸುವ ಮೊದಲು ಆಕೆಯ ಬಾಕಿಯನ್ನು ಚುಕ್ತಾ ಮಾಡೋಣ.