ಕಡ್ಡಿ ಚಕ್ರದ ವ್ಯಾಮೋಹ

ಹಳೆಯ ಎಂಜಿಬಿ ಕಾರು ಕೈಗೆ ಬಂದವರಿಗೆ, ಎಂಜಿನ್ ಬಿಚ್ಚುವ ಮೊದಲೇ ಒಂದು ಆಸೆ ಹುಟ್ಟುತ್ತದೆ: ತಗಡಿನ ಚಕ್ರ ತೆಗೆದು ಕಡ್ಡಿ ಚಕ್ರ ಹಾಕಿಸಬೇಕು. ತಪ್ಪೇನಿಲ್ಲ. 1962ರಿಂದ 1980ರವರೆಗೆ ತಯಾರಾದ ಈ ಬ್ರಿಟಿಷ್ ಕಾರಿಗೆ ಕಂಪನಿಯೇ ಹೆಚ್ಚು ಹಣ ಪಡೆದು ಕಡ್ಡಿ ಚಕ್ರ ಕೊಡುತ್ತಿತ್ತು. ಅಸಲಿ, ನಕಲಿಯ ತಕರಾರು ಏಳುವುದು ಹಾಕಿಸುವ ರೀತಿಯಲ್ಲಿ.

ಎತ್ತಿನ ಗಾಡಿಯ ಮರದ ಅರ ಭಾರವನ್ನು ಕಂಬದಂತೆ ಹೊರುತ್ತದೆ. ತೆಳ್ಳನೆಯ ಉಕ್ಕಿನ ಕಡ್ಡಿ ಹಾಗೆ ಹೊರಲಾರದು, ಒತ್ತಿದರೆ ಬಾಗುತ್ತದೆ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಎಳೆದು ಬಿಗಿದಿರುತ್ತಾರೆ. ಭಾರ ಬಿದ್ದಾಗ ನೆಲದ ಕಡೆಯ ಕಡ್ಡಿಗಳ ಬಿಗಿ ತುಸು ಇಳಿಯುತ್ತದೆ, ಅಷ್ಟೆ. ಸೈಕಲ್ ಮಾಡುತ್ತಿದ್ದ ಕಾವೆಂಟ್ರಿಯ ರಡ್ಜ್-ವಿಟ್‌ವರ್ತ್ ಕಂಪನಿ ಕಾರಿನ ಕಡ್ಡಿ ಚಕ್ರವನ್ನು ನಡುವಿನ ಒಂದೇ ನಟ್ಟಿನಿಂದ ಕಳಚುವಂತೆ ಮಾಡಿತು. ಚಕ್ರದೊಳಗಿನ ಹಲ್ಲುಗಳು ಹಬ್ಬಿನ ಹಲ್ಲುಗಳ ಮೇಲೆ ಕೂರುತ್ತವೆ. ಕಾರಿನ ಎಡಬದಿಗೆ ಬಲ ಥ್ರೆಡ್, ಬಲಬದಿಗೆ ಎಡ ಥ್ರೆಡ್. ಇದು ಅದಲುಬದಲಾದರೆ ಓಡುತ್ತಲೇ ನಟ್ಟು ಸಡಿಲವಾಗುತ್ತದೆ.

ಈಗ ಎರಡು ದಾರಿ. ಹಳೆಯ ಹಬ್ಬಿಗೆ ಹಲ್ಲಿನ ಅಡಾಪ್ಟರ್ ಬೋಲ್ಟ್ ಮಾಡುವುದು ಒಂದು. ಅಗ್ಗ, ಒಂದು ಮಧ್ಯಾಹ್ನದ ಕೆಲಸ. ಆದರೆ ಚಕ್ರ ಹೊರಗೆ ಸರಿದು, ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಕಡ್ಡಿ ಚಕ್ರದ ಎಂಜಿಬಿಗೆ ಕಂಪನಿ ಒಂದೂವರೆ ಇಂಚಿಗೂ ಹೆಚ್ಚು ಗಿಡ್ಡದಾದ ಬೇರೆಯೇ ಹಿಂದಿನ ಆಕ್ಸಲ್ ಹಾಕುತ್ತಿದ್ದುದು ಇದೇ ಕಾರಣಕ್ಕೆ. ಆ ಆಕ್ಸಲ್ಲನ್ನೇ ಹುಡುಕಿ ತಂದು ಕೂರಿಸುವುದು ಎರಡನೆಯ ದಾರಿ. ನನ್ನ ಮತ ಇದಕ್ಕೆ.

ವಿಜಯವಾಡದ ಆಟೋನಗರದಲ್ಲಿ ಲಾರಿಗೆ ಮೈ ಕಟ್ಟುವವರು, ಲೇತ್ ಹಿಡಿದವರು ಸಾಲುಸಾಲಾಗಿದ್ದಾರೆ. ಬುಶ್, ಪಿನ್, ಬ್ರ್ಯಾಕೆಟ್ ಅವರ ಕೈಗೆ ಬಿಡಬಹುದು. ಹಲ್ಲಿನ ಹಬ್ಬನ್ನು ಮಾತ್ರ ಕಣ್ಣಂದಾಜಿನಲ್ಲಿ ಕೊರೆಸಬೇಡಿ. ಎಂಜಿನ್ನಿನ ಎಳೆತ, ಬ್ರೇಕಿನ ತಡೆ ಎರಡೂ ಬೀಳುವುದು ಆ ಹಲ್ಲುಗಳ ಮೇಲೆ. ಸವೆದ ಹಲ್ಲಿನ ತುದಿ ಚೂಪಾಗುತ್ತದೆ. ಕಾರು ಹೊರಟಾಗ, ಬ್ರೇಕ್ ಒತ್ತಿದಾಗ ಕಟ್ ಎಂದರೆ ಅನುಮಾನಿಸಿ.

ಹೆದ್ದಾರಿ 16ರಲ್ಲಿ ಸುಮಾರು 350 ಕಿಲೋಮೀಟರ್ ಆಚೆಯ ವಿಶಾಖಪಟ್ಟಣದಲ್ಲಿ ಕಷ್ಟವೇ ಬೇರೆ. ಉಪ್ಪುಗಾಳಿ ಪ್ರತಿ ಕಡ್ಡಿಯ ಬುಡದ ನಿಪ್ಪಲ್ಲಿಗೆ ಇಳಿದು ತುಕ್ಕು ಹಿಡಿಸುತ್ತದೆ. ಹಿಡಿದ ನಿಪ್ಪಲ್ ತಿರುಗುವುದಿಲ್ಲ, ಬೆಂಡ್ ತೆಗೆಯಲಾಗುವುದಿಲ್ಲ. ಸ್ಟೇನ್‌ಲೆಸ್ ಕಡ್ಡಿ ಹಾಕಿಸಿ, ಇಲ್ಲವೇ ಬಣ್ಣ ಬಳಿಸಿ. ಕಡಲೂರಿನಲ್ಲಿ ಕ್ರೋಮ್ ಶೋಕಿ ಬೇಡ. ರಿಮ್ಮಿಗೆ ತೂತಿರುವುದರಿಂದ ಟ್ಯೂಬು ಬೇಕೇ ಬೇಕು.

ಕಾನೂನಿನ ಮಾತೂ ಇದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ, ವಾಣಿಜ್ಯಕ್ಕೆ ಬಳಸದ ಕಾರಿಗೆ 20,000 ರೂಪಾಯಿ ಶುಲ್ಕದಲ್ಲಿ ‘ವಿಎ’ ನೋಂದಣಿ ಸಿಗುತ್ತದೆ. ಷರತ್ತು: ಚಾಸಿ, ಬಾಡಿ, ಎಂಜಿನ್ ಮಾರ್ಪಟ್ಟಿರಬಾರದು. ಚಕ್ರದ ಹೆಸರು ಅಲ್ಲಿಲ್ಲ. ಆದರೆ ಅಗಲದ ಚಕ್ರ ಕೂರಿಸಲೆಂದು ಮಡ್‌ಗಾರ್ಡ್ ಕತ್ತರಿಸಿದರೆ ಬಾಡಿಗೇ ಕೈಹಾಕಿದಂತಾಯಿತು.

ಕೊನೆಯದಾಗಿ, ಬಿಚ್ಚಿದ ಹಳೆಯ ಆಕ್ಸಲ್ಲನ್ನೂ ನಾಲ್ಕು ತಗಡಿನ ಚಕ್ರಗಳನ್ನೂ ಗುಜರಿಗೆ ಹಾಕಬೇಡಿ. ಗ್ರೀಸ್ ಬಳಿದು ಎತ್ತಿಡಿ. ನಿಮ್ಮ ನಂತರ ಕಾರು ಕೊಳ್ಳುವವರಿಗೆ ಅವೇ ಬೇಕೆನಿಸಬಹುದು.