ಬೆನ್ನುಹುರಿಯ ಗಾಯ, ಸ್ಟೆಮ್ ಸೆಲ್ ಪ್ರಯೋಗ ಮತ್ತು ನಮ್ಮ ಝಕಾತ್

ಪೀಣ್ಯದಿಂದ ಮಾದಾವರ, ಮಾಕಳಿಗಳನ್ನು ದಾಟಿ ನೆಲಮಂಗಲದತ್ತ ಸಾಗುವ ತುಮಕೂರು ರಸ್ತೆಯ ಇಕ್ಕೆಲಗಳಲ್ಲಿ ದಿನದ ದುಡಿಮೆಯನ್ನೇ ನಂಬಿದ ಅಸಂಖ್ಯ ಕುಟುಂಬಗಳಿವೆ. ಕಾರ್ಖಾನೆಯ ಶೀಟಿನ ಮೇಲಿಂದ ಜಾರುವುದು, ಕಟ್ಟಡದ ಸಾರುವೆಯಿಂದ ಬೀಳುವುದು, ಹೆದ್ದಾರಿಯಲ್ಲಿ ಬೈಕು ಲಾರಿಗೆ ಬಡಿಯುವುದು ಇಲ್ಲಿ ಅಪರೂಪದ ಸುದ್ದಿಗಳಲ್ಲ. ಅಂಥ ಒಂದು ಕ್ಷಣದಲ್ಲಿ ಬೆನ್ನುಹುರಿಗೆ ಪೆಟ್ಟಾದರೆ ಮನೆಯ ಆಧಾರಸ್ತಂಭವಾಗಿದ್ದ ಯುವಕನೇ ಹಾಸಿಗೆ ಹಿಡಿಯುತ್ತಾನೆ. ಕೆಲವು ತಿಂಗಳುಗಳ ನಂತರ ಯಾರೋ ಒಬ್ಬರು ಆ ಮನೆಗೆ ಹೇಳುತ್ತಾರೆ: "ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಿ, ಎದ್ದು ನಡೆಯುತ್ತಾನೆ." ಮೊತ್ತ ಲಕ್ಷಗಳಲ್ಲಿರುತ್ತದೆ. ಮನವಿ ವಾಟ್ಸ್‌ಆ್ಯಪ್‌ನಲ್ಲಿ ಹರಡುತ್ತದೆ, ಜುಮಾ ನಮಾಝಿನ ಬಳಿಕ ಮಸೀದಿಯ ಬಾಗಿಲಲ್ಲಿ ಚಾದರ ಹಾಸಲಾಗುತ್ತದೆ.

ಕೊಡುವವರ ಸದುದ್ದೇಶದಲ್ಲಿ ಸಂದೇಹವಿಲ್ಲ. ಆದರೆ ಝಕಾತ್ ಮತ್ತು ಸದಕಾ ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಅದು ರೋಗಿಗೆ ತಲಪುತ್ತಿದೆಯೇ ಅಥವಾ ಅವನ ಹತಾಶೆಯ ಮೇಲೆ ವ್ಯಾಪಾರ ನಡೆಸುವವರಿಗೆ ತಲಪುತ್ತಿದೆಯೇ ಎಂದು ವಿಚಾರಿಸುವುದು ಕೊಡುವವರ ಹೊಣೆ. ಈ ಹೊಣೆಯನ್ನು ನಾವು ಸಾಕಷ್ಟು ನಿರ್ವಹಿಸುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಒಂದು ತಪ್ಪು ಕಲ್ಪನೆ ದೂರವಾಗಬೇಕು. ಸ್ಟೆಮ್ ಸೆಲ್ ಸಂಶೋಧನೆಯು ಧರ್ಮಕ್ಕೆ ವಿರುದ್ಧವಲ್ಲ. ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಈ ಮೂಲಕೋಶಗಳ ಕುರಿತು ಮಕ್ಕಾದ ಇಸ್ಲಾಮೀ ಫಿಕ್ಹ್ ಮಂಡಳಿಯು 2003ರ ಡಿಸೆಂಬರಿನ ತನ್ನ 17ನೇ ಅಧಿವೇಶನದಲ್ಲಿ ಚರ್ಚಿಸಿತು. ಸಮ್ಮತಿಯಿಂದ ವಯಸ್ಕರ ದೇಹದಿಂದ, ಹೊಕ್ಕುಳಬಳ್ಳಿಯಿಂದ ಅಥವಾ ಮಾಸಿನಿಂದ ಪಡೆಯುವುದನ್ನು ಅದು ಅನುಮತಿಸಿತು. ಇದಕ್ಕೆಂದೇ ಗರ್ಭಪಾತ ಮಾಡಿಸುವುದನ್ನು ನಿಷೇಧಿಸಿತು. ಚಿಕಿತ್ಸೆ ಪಡೆಯಿರೆಂದೂ, ಅಲ್ಲಾಹನು ರೋಗದೊಂದಿಗೆ ಔಷಧವನ್ನೂ ಇಳಿಸಿರುವನೆಂದೂ ಪ್ರವಾದಿ(ಸ)ರವರು ಬೋಧಿಸಿದರು. ಆ ಔಷಧವನ್ನು ಹುಡುಕುವ ವಿಜ್ಞಾನಿಯ ಶ್ರಮ ಗೌರವಕ್ಕೆ ಪಾತ್ರವಾದುದು.

ಆದರೆ ಹುಡುಕಾಟ ಬೇರೆ, ಸಿಕ್ಕಿತೆಂದು ಸಾರುವುದು ಬೇರೆ. ಅಮೆರಿಕದಲ್ಲಿ ಭ್ರೂಣದ ಮೂಲಕೋಶಗಳಿಂದ ಬೆಳೆಸಿದ ಕೋಶಗಳನ್ನು ಬೆನ್ನುಹುರಿ ಗಾಯಗೊಂಡ ರೋಗಿಯೊಬ್ಬರಿಗೆ ಮೊದಲು ನೀಡಿದ್ದು 2010ರ ಅಕ್ಟೋಬರಿನಲ್ಲಿ. ಮುಂದಿನ ವರ್ಷವೇ ಕಂಪನಿಯು ಹಣದ ಕಾರಣಕ್ಕೆ ಆ ಪ್ರಯೋಗವನ್ನು ನಿಲ್ಲಿಸಿತು. ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್‌ನ ವೈದ್ಯರು ಮೂಗಿನೊಳಗಿನ ಪೊರೆಯ ಅಂಗಾಂಶವನ್ನು 5 ರೋಗಿಗಳ ಬೆನ್ನುಹುರಿಗೆ ಕಸಿ ಮಾಡಿ, ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲವೆಂದು 2009ರಲ್ಲಿ ಪ್ರಾಮಾಣಿಕವಾಗಿ ಪ್ರಕಟಿಸಿದರು. ಜಪಾನಿನ ಕೇಯೋ ವಿಶ್ವವಿದ್ಯಾಲಯವು 2021ರ ಡಿಸೆಂಬರಿನಲ್ಲಿ ಆರಂಭಿಸಿದ ಪ್ರಯೋಗದ ಫಲಿತಾಂಶ 2025ರ ಮಾರ್ಚ್‌ನಲ್ಲಿ ಹೊರಬಂತು. 4 ರೋಗಿಗಳಲ್ಲಿ ಇಬ್ಬರ ಚಲನಶಕ್ತಿ ಸುಧಾರಿಸಿತ್ತು; ಅವರಲ್ಲಿ ಒಬ್ಬರು ಆಧಾರವಿಲ್ಲದೆ ನಿಲ್ಲಬಲ್ಲವರಾಗಿದ್ದರು. ಇದು ಆಶಾದಾಯಕ. ಆದರೆ ಅವರೆಲ್ಲರೂ ಗಾಯವಾಗಿ 14ರಿಂದ 28 ದಿನಗಳೊಳಗಿನ ರೋಗಿಗಳು. ವರ್ಷಗಳಿಂದ ಹಾಸಿಗೆಯಲ್ಲಿರುವವರಿಗೆ ಈ ಫಲಿತಾಂಶವನ್ನು ಅನ್ವಯಿಸಲಾಗದು. ನಾಲ್ವರ ಅನುಭವದಿಂದ ಎಲ್ಲರಿಗೂ ಭರವಸೆ ನೀಡಲೂ ಆಗದು.

ಹೀಗಿರುವಾಗ, ನಡೆಯಿಸುತ್ತೇವೆಂದು ದರಪಟ್ಟಿ ಹಿಡಿದು ನಿಂತವರನ್ನು ಗುರುತಿಸುವುದು ಹೇಗೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಅಂಗೀಕೃತ ಚಿಕಿತ್ಸೆಗಳ ಹೊರತು, ಸ್ಟೆಮ್ ಸೆಲ್ ಬಳಕೆಯು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ ಚೌಕಟ್ಟಿನೊಳಗೆ ಮಾತ್ರ ನಡೆಯಬೇಕು. ಬೆನ್ನುಹುರಿಯ ಗಾಯ ಆ ಅಂಗೀಕೃತ ಪಟ್ಟಿಯಲ್ಲಿಲ್ಲ. ಪ್ರಯೋಗ ಆರಂಭವಾಗುವ ಮೊದಲೇ ಅದನ್ನು ರಾಷ್ಟ್ರೀಯ ನೋಂದಣಿಯಾದ ಸಿ.ಟಿ.ಆರ್.ಐ.ನಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಅದನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಿಜವಾದ ಪ್ರಯೋಗದಲ್ಲಿ ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವುದಿಲ್ಲ. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರವನ್ನು ಪ್ರಾಯೋಜಕರೇ ನೀಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ಆದ್ದರಿಂದ "ಇದು ಪ್ರಯೋಗ, ಇಷ್ಟು ಲಕ್ಷ ಕಟ್ಟಿ" ಎಂಬ ಮಾತಿನಲ್ಲೇ ಮೋಸ ಅಡಗಿದೆ. ಪ್ರಯೋಗವಾದರೆ ಹಣವೇಕೆ? ಚಿಕಿತ್ಸೆಯಾದರೆ ಅಂಗೀಕಾರವೆಲ್ಲಿ?

ಪರೀಕ್ಷಿಸಿ ನಂಬುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಮಾಕಳಿಯಲ್ಲಿರುವ ಹಿಮಾಲಯ ಔಷಧ ಸಂಸ್ಥೆಯನ್ನು 1930ರಲ್ಲಿ ಸ್ಥಾಪಿಸಿದವರು ಮುಹಮ್ಮದ್ ಮನಾಲ್. ಬರ್ಮಾದಲ್ಲಿ ಆನೆಗಳನ್ನು ಶಾಂತಗೊಳಿಸಲು ಸರ್ಪಗಂಧದ ಬೇರು ತಿನ್ನಿಸುವುದನ್ನು ಕಂಡ ಅವರು ಅದನ್ನು ಮರುದಿನವೇ ಮಾರಲು ಹೊರಡಲಿಲ್ಲ. ವರ್ಷಗಳ ಪರಿಶೋಧನೆಯ ಬಳಿಕ 1934ರಲ್ಲಿ ಔಷಧವಾಗಿ ಹೊರತಂದರೆಂದು ಸಂಸ್ಥೆಯ ಇತಿಹಾಸ ಹೇಳುತ್ತದೆ. ವೈದ್ಯಕೀಯದ ಅರಿವಿಲ್ಲದೆ ಚಿಕಿತ್ಸೆಗಿಳಿದವನು ಆಗುವ ಹಾನಿಗೆ ತಾನೇ ಹೊಣೆಗಾರನೆಂಬುದು ಪ್ರವಾದಿ(ಸ)ರವರ ಶಿಕ್ಷಣ. ಆಧಾರವಿಲ್ಲದ ಭರವಸೆ ಮಾರುವವನಿಗೆ ವೈದ್ಯ ಪದವಿಯಿದ್ದರೂ ಈ ಎಚ್ಚರಿಕೆಯ ಆಶಯದಿಂದ ಅವನು ತಪ್ಪಿಸಿಕೊಳ್ಳಲಾರನು.

"ಹಾಗಾದರೆ ಆ ತಾಯಿಯ ಕೊನೆಯ ಆಸೆಯನ್ನೂ ಕಿತ್ತುಕೊಳ್ಳಬೇಕೇ?" ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗುವುದು ಸತ್ಯವಿಶ್ವಾಸಿಗೆ ಸಲ್ಲದು. ಆದರೆ ಆಸೆಯನ್ನು ನಡಿಗೆಯೊಂದಕ್ಕೇ ಕಟ್ಟಿಹಾಕಿದರೆ ಬದುಕಿನ ಉಳಿದ ಬಾಗಿಲುಗಳು ಮುಚ್ಚಿಹೋಗುತ್ತವೆ. 1954ರ ಅಪಘಾತದಲ್ಲಿ ಸೊಂಟದ ಕೆಳಗಿನ ಶಕ್ತಿ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು. ವೆಲ್ಲೂರಿನ ಪುನರ್ವಸತಿ ಕೇಂದ್ರವನ್ನು ಕಟ್ಟಿದರು. ಕಣ್ಣು ಕಾಣದ ಇಬ್ನು ಉಮ್ಮಿ ಮಕ್ತೂಮ್(ರ)ರವರಿಗೆ ಪ್ರವಾದಿ(ಸ)ರವರು ಅನುಕಂಪವನ್ನಷ್ಟೇ ಅಲ್ಲ, ಮದೀನಾದ ಹೊಣೆಯನ್ನೂ ವಹಿಸಿದ್ದರು.

ಬೆನ್ನುಹುರಿ ಗಾಯಗೊಂಡವರ ಪ್ರಾಣಕ್ಕೆ ಅನೇಕ ಬಾರಿ ಎರವಾಗುವುದು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಆರೈಕೆ, ಒಳ್ಳೆಯ ಹಾಸಿಗೆ, ಮೂತ್ರದ ಕೊಳವೆ, ವ್ಯಾಯಾಮ, ಅಳತೆಗೆ ತಕ್ಕ ಗಾಲಿಕುರ್ಚಿ, ಕುಳಿತು ಮಾಡಬಹುದಾದ ಉದ್ಯೋಗ: ನಮ್ಮ ಹಣ ಮೊದಲು ಹೋಗಬೇಕಾದುದು ಇಲ್ಲಿಗೆ. ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿಯಂಥ ಸಂಸ್ಥೆಗಳ ನೆರವನ್ನು ಪಡೆಯಬಹುದು. ಗಾಯಾಳು ಇ.ಎಸ್.ಐ. ವಿಮಾದಾರನಾಗಿದ್ದು ಕೆಲಸದ ವೇಳೆ ಅವಘಡ ಸಂಭವಿಸಿದ್ದರೆ, ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಕೂಲಿಯ ಶೇ. 90ರ ದರದಲ್ಲಿ ಜೀವನಪರ್ಯಂತ ಪರಿಹಾರವಿದೆ. ಆ ಅರ್ಜಿ ತುಂಬಿಕೊಡಲು ಒಬ್ಬ ವಿದ್ಯಾವಂತ ಯುವಕ ಎರಡು ದಿನ ಓಡಾಡಿದರೆ ಅದೂ ಸದಕಾವೇ.

ಆದುದರಿಂದ ಪ್ರತಿಯೊಂದು ಮೊಹಲ್ಲಾದ ಜಮಾಅತ್ ಒಂದು ನಿಯಮ ಮಾಡಿಕೊಳ್ಳಲಿ. ಚಿಕಿತ್ಸೆಯ ಹೆಸರಿನ ದೊಡ್ಡ ಮನವಿ ಬಂದಾಗ, ಆ ಚಿಕಿತ್ಸೆಯಿಂದ ಲಾಭವಿಲ್ಲದ ಇಬ್ಬರು ವೈದ್ಯರನ್ನು ವಿಚಾರಿಸದೆ ಚಾದರ ಹಾಸುವುದು ಬೇಡ. ವಿಚಾರಿಸಿದ ಬಳಿಕ ಆ ಕುಟುಂಬವನ್ನು ಬರಿಗೈಯಲ್ಲಿ ಕಳುಹಿಸುವುದೂ ಬೇಡ. ತಿಂಗಳ ಆರೈಕೆಯ ವೆಚ್ಚವನ್ನು ಹೊತ್ತುಕೊಳ್ಳೋಣ. ಮಸೀದಿಯ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿ ಏರಬಲ್ಲ ಇಳಿಜಾರೊಂದನ್ನು ಕಟ್ಟೋಣ. ಜುಮಾಕ್ಕೆ ಬರಲು ಅವನು ಎದ್ದು ನಡೆಯುವ ದಿನಕ್ಕಾಗಿ ಕಾಯಬೇಕಾಗಿಲ್ಲ.

ಅಲ್ಲಾಹನು ರೋಗಿಗಳಿಗೆ ಶಿಫಾವನ್ನೂ, ಅವರ ಸೇವೆ ಮಾಡುವವರಿಗೆ ಸಹನೆಯನ್ನೂ, ಕೊಡುವ ಕೈಗಳಿಗೆ ವಿವೇಕವನ್ನೂ ಕರುಣಿಸಲಿ. ಆಮೀನ್.