ಕೊಬ್ಬರಿ ದುಡ್ಡಿನ ಲ್ಯಾಪ್‌ಟಾಪ್

ಡಿಗ್ರಿಗೆ ಸೀಟು ಸಿಕ್ಕಿತೋ ಇಲ್ಲವೋ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಲ್ಯಾಪ್‌ಟಾಪ್ ಜಪ ಶುರು. ಕೊಡಿಸಬೇಡಿ ಅನ್ನೋರ್ಯಾರು? ಆದರೆ ಲೆಕ್ಕ ಇರಲಿ. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಆ ದರದಲ್ಲಿ 60,000 ರೂಪಾಯಿ ಯಂತ್ರವೆಂದರೆ ಸುಮಾರು 5 ಕ್ವಿಂಟಾಲ್. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಮಾಲು!

ಬಿ.ಎ., ಬಿ.ಕಾಂ.ಗೆ 8 ಜಿಬಿ ರ್ಯಾಮ್, ಎಸ್‌ಎಸ್‌ಡಿ ಇರುವ ಸಾಧಾರಣದ್ದೇ ಧಾರಾಳ. ಎಂಜಿನಿಯರಿಂಗಿಗಾದರೆ 16 ಜಿಬಿ ಇರಲಿ. ಮೊದಲು ಕಾಲೇಜಿನ ಮೇಷ್ಟರನ್ನು ಕೇಳಿ. ವಾರಂಟಿ ಎಷ್ಟು ವರ್ಷ, ಕೆಟ್ಟರೆ ರಿಪೇರಿ ತಿಪಟೂರಲ್ಲೋ ಬೆಂಗಳೂರಲ್ಲೋ ಅಂತ ಅಂಗಡಿಯವರಿಂದ ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಕಾಯಿ ಅಲ್ಲಾಡಿಸಿ ಒಳಗಿನ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳುವ ಜನ ನಾವು. ಲ್ಯಾಪ್‌ಟಾಪನ್ನು ಮಾತ್ರ ಮೇಲಿನ ಬಣ್ಣ ನೋಡಿ ಕೊಳ್ಳುವುದೇ?